ಕರ್ಕಶ ಸ್ಪೀಕರುಗಳೂ ಸರಕು ವಾಪಸಾತಿ ಖಾತೆಯೂ

ಮಾರ್ಚ್ 31ರ ದಾಸ್ತಾನು ಎಣಿಕೆಯು ವರ್ತಕರಿಗೂ ಲೆಕ್ಕಪರಿಶೋಧಕರಿಗೂ ಸಮಾನವಾಗಿ ಬೇಸರ ತರುವ ಕಾರ್ಯ. ಆದರೂ ಲೆಕ್ಕದ ಪುಸ್ತಕದಲ್ಲಿ ಕಾಣದ ಸಂಗತಿಗಳು ಅನೇಕ ಸಲ ಉಗ್ರಾಣದ ಮೂಲೆಯಲ್ಲಿ ಕಾಣಸಿಗುತ್ತವೆ. ಬೆಂಗಳೂರಿನ ಜೆ.ಸಿ. ರಸ್ತೆಯ ಆಸುಪಾಸಿನಲ್ಲಿ ವಾಹನಗಳ ಬಿಡಿಭಾಗ ಹಾಗೂ ಅಲಂಕಾರ ಸಾಮಗ್ರಿಗಳ ವ್ಯಾಪಾರ ನಡೆಸುತ್ತಿರುವ ನನ್ನ ಕಕ್ಷಿದಾರರೊಬ್ಬರ ಉಗ್ರಾಣದಲ್ಲಿ ಕಳೆದ ಮಾರ್ಚ್ ಕೊನೆಯಲ್ಲಿ ಅಂಥದೊಂದು ಮೂಲೆ ನನ್ನ ಕಣ್ಣಿಗೆ ಬಿದ್ದಿತು. ಅಲ್ಲಿನ ಕಪಾಟಿನಲ್ಲಿ ಮೋಟಾರ್‌ಸೈಕಲ್‌ಗಳಿಗೆ ಅಳವಡಿಸುವ ಸ್ಪೀಕರುಗಳು 19 ಜೊತೆ ಇದ್ದವು. ಪ್ರತಿಯೊಂದು ಡಬ್ಬಿಯ ಮೇಲೂ ‘ವಾಪಸ್ – ಸೌಂಡ್ ಕರ್ಕಶ’ ಎಂಬ ಚೀಟಿ. ತೆರಿಗೆ ಬಿಟ್ಟು ಜೊತೆಯೊಂದಕ್ಕೆ ಸರಾಸರಿ 14,000 ರೂಪಾಯಿ ಖರೀದಿ ಬೆಲೆ. ಒಟ್ಟು 2,66,000 ರೂಪಾಯಿಯ ಸರಕು ಧೂಳು ಹಿಡಿದು ಕುಳಿತಿತ್ತು.

“ಇದನ್ನೆಲ್ಲ ಈ ವರ್ಷವೇ ರೈಟ್ ಆಫ್ ಮಾಡಿಬಿಡಿ ಸಾರ್. ನೋಡಿದರೆ ಹೊಟ್ಟೆ ಉರಿಯುತ್ತೆ” ಎಂದರು ಮಾಲೀಕರು.

ರೈಟ್ ಆಫ್ ಮಾಡುವುದು ಒಂದು ಗೆರೆ ಎಳೆದಷ್ಟು ಸುಲಭವಲ್ಲ. ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಕಾಯಿದೆಯ 17(5)ನೇ ಪ್ರಕರಣದ ‘ಎಚ್’ ಖಂಡದ ಪ್ರಕಾರ ಕಳೆದುಹೋದ, ಕಳುವಾದ, ನಾಶವಾದ ಅಥವಾ ಲೆಕ್ಕದಿಂದ ತೆಗೆದುಹಾಕಿದ ಸರಕಿನ ಮೇಲೆ ಇನ್‌ಪುಟ್ ತೆರಿಗೆ ಜಮೆ ದೊರೆಯುವುದಿಲ್ಲ. ಹಿಂದೆ ಪಡೆದಿದ್ದರೆ ಅದನ್ನು ಹಿಂತಿರುಗಿಸಬೇಕು. ಆದ್ದರಿಂದ ನಷ್ಟವು 2,66,000ಕ್ಕೆ ನಿಲ್ಲದೆ, ಅದರ ಮೇಲಿನ ತೆರಿಗೆಯೂ ಕೈಬಿಡುತ್ತದೆ. ಅಲ್ಲದೆ ದಾಸ್ತಾನನ್ನು ಅಸಲು ಬೆಲೆ ಅಥವಾ ಮಾರಿದರೆ ನಿವ್ವಳವಾಗಿ ಬರಬಹುದಾದ ಬೆಲೆ, ಇವೆರಡರಲ್ಲಿ ಕಡಿಮೆ ಯಾವುದೋ ಅದಕ್ಕೆ ಬೆಲೆಕಟ್ಟಬೇಕೆಂಬುದು ಲೆಕ್ಕ ಮಾನಕ 2ರ ನಿಯಮ. ಸರಕು ಕೆಟ್ಟಿದೆಯೋ ಇಲ್ಲವೋ ತಿಳಿಯದೆ ಎರಡನೆಯ ಬೆಲೆಯನ್ನು ನಿರ್ಧರಿಸುವುದಾದರೂ ಹೇಗೆ? “ಇವನ್ನು ಯಾರಾದರೂ ಪರೀಕ್ಷೆ ಮಾಡಿದ್ದಾರೆಯೇ?” ಎಂದು ಕೇಳಿದೆ. “ಗಿರಾಕಿನೇ ಕೆಟ್ಟಿದೆ ಅಂದಮೇಲೆ ಇನ್ನೇನು ಪರೀಕ್ಷೆ ಸಾರ್” ಎಂಬ ಉತ್ತರ ಬಂದಿತು.

ಅದೇ ದಿನ ಮಧ್ಯಾಹ್ನ ವೇತನ ಪುಸ್ತಕವನ್ನು ನೋಡುತ್ತಿದ್ದಾಗ ಇನ್ನೊಂದು ಸಂಗತಿ ತಿಳಿಯಿತು. ಸ್ಪೀಕರ್ ಅಳವಡಿಸುವ ಯುವಕನ ಸಂಬಳದಿಂದ ಪ್ರತಿ ತಿಂಗಳೂ ‘ಸ್ಪೀಕರ್ ನಷ್ಟ’ ಎಂಬ ಹೆಸರಿನಲ್ಲಿ ಸಾವಿರ, ಒಂದೂವರೆ ಸಾವಿರ ರೂಪಾಯಿಗಳನ್ನು ಮುರಿದುಕೊಳ್ಳಲಾಗಿತ್ತು. ನೌಕರನಿಗೆ ಸಮಜಾಯಿಷಿ ಹೇಳಲು ಅವಕಾಶ ನೀಡದೆ ಇಂಥ ಕಡಿತ ಮಾಡುವಂತಿಲ್ಲ ಎಂಬುದನ್ನು ಮಾಲೀಕರಿಗೆ ತಿಳಿಸಿ, ಆ ಯುವಕನನ್ನು ಕರೆಸಿದೆ. ಚಿಂತಾಮಣಿ ಕಡೆಯ, ಐ.ಟಿ.ಐ. ಮುಗಿಸಿದ ಹುಡುಗ. ಬಹಳ ಹೊತ್ತು ಸುಮ್ಮನೆ ನಿಂತಿದ್ದು, ಕೊನೆಗೆ ಒಂದೇ ಮಾತು ಹೇಳಿದ: “ಸ್ಪೀಕರ್ ಕೆಟ್ಟಿಲ್ಲ ಸಾರ್. ಶ್ರುತಿ ಮಾಡೋಕೆ ಟೈಮ್ ಕೊಡಲ್ಲ, ಅಷ್ಟೆ.”

ಈ ಲೇಖನಕ್ಕೆ ಆ ಮಾತೇ ಮೂಲ. ಧ್ವನಿ ತಂತ್ರಜ್ಞಾನದ ವಿಷಯವನ್ನು ಲೆಕ್ಕಪರಿಶೋಧಕನೊಬ್ಬ ಬರೆಯುವುದು ವಿಚಿತ್ರವೆನಿಸಬಹುದು. ಆದರೆ ಮುಂದಿನ ಕೆಲವು ವಾರಗಳಲ್ಲಿ ನಾನು ಕಂಡು ಕೇಳಿದ್ದು ಆಟೋಮೊಬೈಲ್ ಬಿಡಿಭಾಗಗಳ ವರ್ತಕರಿಗೂ, ಸ್ಪೀಕರ್, ಗ್ರಿಲ್, ವೈರಿಂಗ್ ಕಿಟ್‌ಗಳನ್ನು ತಯಾರಿಸುವ ಸಣ್ಣ ಉದ್ದಿಮೆದಾರರಿಗೂ ನೇರವಾಗಿ ಸಂಬಂಧಿಸಿದ್ದು ಎಂಬ ಕಾರಣದಿಂದ ಬರೆಯುವ ಧೈರ್ಯ ಮಾಡಿದ್ದೇನೆ.

ಎರಡು ಚಕ್ರದ ಮೇಲೆ ಸಂಗೀತ

ಮೋಟಾರ್‌ಸೈಕಲ್‌ನಲ್ಲಿ ಸಂಗೀತ ಕೇಳುವ ಅಭ್ಯಾಸವು ಅಮೆರಿಕೆಯ ಉದ್ದನೆಯ ಹೆದ್ದಾರಿಗಳಲ್ಲಿ ಬೆಳೆದದ್ದು. ಹೊಂಡಾ ಕಂಪನಿಯ ಗೋಲ್ಡ್ ವಿಂಗ್, ಹಾರ್ಲೆ ಡೇವಿಡ್ಸನ್ ಕಂಪನಿಯ ಸ್ಟ್ರೀಟ್ ಗ್ಲೈಡ್ ಮುಂತಾದ ದೂರಪ್ರಯಾಣದ ವಾಹನಗಳಲ್ಲಿ ಮುಂಭಾಗದ ಫೇರಿಂಗ್ ಕವಚದೊಳಗೆ ಹೆಡ್ ಯೂನಿಟ್ಟನ್ನೂ ಸ್ಪೀಕರುಗಳನ್ನೂ ಕಾರ್ಖಾನೆಯಲ್ಲೇ ಅಳವಡಿಸಲಾಗುತ್ತದೆ. ಅಷ್ಟಕ್ಕೆ ತೃಪ್ತರಾಗದವರು ಹೆಚ್ಚುವರಿ ಆಂಪ್ಲಿಫೈಯರ್ ಮತ್ತು ದೊಡ್ಡ ಸ್ಪೀಕರುಗಳನ್ನು ಹಾಕಿಸಿಕೊಳ್ಳುವುದರಿಂದ ಅಲ್ಲಿ ಅದೇ ಒಂದು ಪ್ರತ್ಯೇಕ ವ್ಯಾಪಾರವಾಗಿ ಬೆಳೆದಿದೆ. ಹಾರ್ಲೆ ಕಂಪನಿಯು ಭಾರತದಲ್ಲಿ 2010ರಿಂದ ಮಾರಾಟ ಆರಂಭಿಸಿ, 2020ರಲ್ಲಿ ತನ್ನ ಸ್ವಂತ ವಹಿವಾಟನ್ನು ನಿಲ್ಲಿಸಿ ಹೀರೋ ಮೋಟೋಕಾರ್ಪ್‌ಗೆ ವಿತರಣೆಯನ್ನು ಒಪ್ಪಿಸಿದ್ದು ಸದಸ್ಯರಿಗೆ ನೆನಪಿರಬಹುದು. ಬೆಂಗಳೂರಿನಲ್ಲಿ ಇಂಥ ವಾಹನಗಳ ಸಂಖ್ಯೆ ದೊಡ್ಡದಲ್ಲ. ಆದರೆ ಅವುಗಳ ಒಡೆಯರು ಖರ್ಚಿಗೆ ಹಿಂಜರಿಯುವವರಲ್ಲ, ಕಿವಿಗೆ ಒಗ್ಗದಿದ್ದರೆ ಸರಕನ್ನು ಹಿಂದಿರುಗಿಸಲೂ ಹಿಂಜರಿಯುವವರಲ್ಲ.

ಇಲ್ಲಿಯೇ ಒಂದು ಎಚ್ಚರಿಕೆಯ ಮಾತನ್ನು ಹೇಳಿಬಿಡುತ್ತೇನೆ. 2000ದ ಶಬ್ದ ಮಾಲಿನ್ಯ ನಿಯಮಗಳು ವಸತಿ ಪ್ರದೇಶಗಳಿಗೆ ಹಗಲಿನಲ್ಲಿ 55, ರಾತ್ರಿಯಲ್ಲಿ 45 ಡೆಸಿಬೆಲ್‌ಗಳ ಮಟ್ಟವನ್ನು ನಿಗದಿಪಡಿಸಿವೆ. ಬೀದಿಯವರಿಗೆಲ್ಲ ಕೇಳಿಸುವ ಹಾಗೆ ಸಂಗೀತ ಹಾಕುವವರ ಪರವಾಗಿ ನಾನು ಬರೆಯುತ್ತಿಲ್ಲ. ಸವಾರನ ಕಿವಿಗೆ ಹಿತವಾಗಿ ಕೇಳಿಸಿದರೆ ಆತನೂ ಧ್ವನಿ ಏರಿಸುವುದಿಲ್ಲ ಎಂಬುದು ಮುಂದೆ ತಿಳಿಯುವ ಸಂಗತಿ.

ಹದಿನೆಂಟು ರೂಪಾಯಿಯ ಪರೀಕ್ಷೆ

ಮರುದಿನ ಆ ಹುಡುಗ 19 ಜೊತೆಗಳನ್ನೂ ಮೇಜಿನ ಮೇಲೆ ಹರಡಿದ. ಅವನ ಬಳಿ ಇದ್ದದ್ದು ಒಂದು ಮಲ್ಟಿಮೀಟರ್ ಮತ್ತು ಗೋಡೆ ಗಡಿಯಾರಕ್ಕೆ ಹಾಕುವ ಒಂದೂವರೆ ವೋಲ್ಟಿನ ಸೆಲ್. ಸೆಲ್ಲಿನ ಬೆಲೆ ಹದಿನೆಂಟು ರೂಪಾಯಿ. ಮೊದಲು ಮೀಟರಿನಿಂದ ಸುರುಳಿಯ ರೋಧವನ್ನು ಅಳೆಯುವುದು. ನಾಲ್ಕು ಓಮ್ ಎಂದು ಬರೆದಿರುವ ಸ್ಪೀಕರ್ ಮೀಟರಿನಲ್ಲಿ ಮೂರರಿಂದ ಮೂರೂ ಮುಕ್ಕಾಲು ಓಮ್ ತೋರಿಸಿದರೆ ಸುರುಳಿ ಸುಟ್ಟಿಲ್ಲವೆಂದು ಅರ್ಥ. ನಂತರ ಸೆಲ್ಲನ್ನು ಕ್ಷಣಕಾಲ ತಾಗಿಸುವುದು. ಧನ ತುದಿಗೆ ಧನ ತುದಿ ಸೇರಿದ್ದರೆ ಶಂಕು ಹೊರಗೆ ಚಿಮ್ಮುತ್ತದೆ. ಆಮೇಲೆ ಎರಡು ಹೆಬ್ಬೆರಳುಗಳಿಂದ ಶಂಕುವನ್ನು ಮೆಲ್ಲಗೆ ಒತ್ತಿ, ಒಳಗೆ ಉಜ್ಜುವ ಸದ್ದಿದೆಯೇ ಎಂದು ಕಿವಿಗೊಡುವುದು. ಕೊನೆಗೆ ಒಂದು ಚಿಕ್ಕ ಆಂಪ್ಲಿಫೈಯರಿಗೆ ಜೋಡಿಸಿ ಸಣ್ಣ ಧ್ವನಿಯಲ್ಲಿ ನುಡಿಸಿ, ಚಿಕ್ಕ ಟ್ವೀಟರೂ ಕೆಲಸ ಮಾಡುತ್ತಿದೆಯೇ ಎಂದು ನೋಡುವುದು.

ಒಟ್ಟು 38 ಸ್ಪೀಕರುಗಳಲ್ಲಿ 33 ನಿರ್ದುಷ್ಟವಾಗಿದ್ದವು. ಮೂರರಲ್ಲಿ ಟ್ವೀಟರ್ ಸುಟ್ಟಿತ್ತು, ಒಂದರಲ್ಲಿ ಸುರುಳಿ ಉಜ್ಜುತ್ತಿತ್ತು, ಇನ್ನೊಂದರ ರಬ್ಬರ್ ಅಂಚು ಸ್ಕ್ರೂಡ್ರೈವರ್ ಜಾರಿ ಹರಿದಿತ್ತು. ಕೊನೆಯದು ತನ್ನ ಕೈಯಿಂದಲೇ ಆದದ್ದೆಂದು ಹುಡುಗ ತಾನಾಗಿ ಒಪ್ಪಿಕೊಂಡ. ಈ ಐದು ಕೆಟ್ಟವು ನಾಲ್ಕು ಜೊತೆಗಳಲ್ಲಿ ಹಂಚಿಹೋಗಿದ್ದುದರಿಂದ, 15 ಜೊತೆ ಮಾರಲು ಯೋಗ್ಯ. ಎಂದರೆ 2,10,000 ರೂಪಾಯಿಯ ಒಳ್ಳೆಯ ಸರಕನ್ನು ನಾವು ತಿಪ್ಪೆಗೆ ಹಾಕಲು ಹೊರಟಿದ್ದೆವು.

ಹಾಗಾದರೆ 15 ಮಂದಿ ಗ್ರಾಹಕರು ಸುಳ್ಳು ಹೇಳಿದರೆ? ಇಲ್ಲ. ಅವರಿಗೆ ಕೇಳಿಸಿದ್ದು ನಿಜವಾಗಿಯೂ ಕರ್ಕಶ ಧ್ವನಿಯೇ. ಸ್ಪೀಕರ್ ಒಳ್ಳೆಯದಿದ್ದೂ ಧ್ವನಿ ಕೆಟ್ಟದಾಗಿತ್ತು.

ಕಿವಿ ಮತ್ತು ಗಾಳಿ

ಮುಂದಿನ ಭಾನುವಾರ, ಸ್ಪೀಕರ್ ಹಿಂದಿರುಗಿಸಿದ್ದ ಗ್ರಾಹಕರೊಬ್ಬರನ್ನು ಅವರ ಸ್ಟ್ರೀಟ್ ಗ್ಲೈಡ್ ವಾಹನದೊಡನೆ ಬರಮಾಡಿಕೊಳ್ಳಲಾಯಿತು. ಅದೇ ಜೊತೆ ಸ್ಪೀಕರನ್ನು ಮತ್ತೆ ಕೂರಿಸಿ, ಈ ಸಲ ಹುಡುಗನಿಗೆ ಬೇಕಾದಷ್ಟು ಸಮಯ ಕೊಡುವುದೆಂದು ನಿಶ್ಚಯಿಸಿದೆವು. ನಾನೂ ಒಂದು ಸ್ಟೂಲು ಹಾಕಿಕೊಂಡು ಪಕ್ಕದಲ್ಲಿ ಕುಳಿತೆ.

ಮನುಷ್ಯನ ಕಿವಿ ಎಲ್ಲ ಸ್ವರಗಳನ್ನೂ ಒಂದೇ ಸಮನಾಗಿ ಕೇಳುವುದಿಲ್ಲ. ಅಮೆರಿಕೆಯ ಬೆಲ್ ಪ್ರಯೋಗಶಾಲೆಯ ಫ್ಲೆಚರ್ ಮತ್ತು ಮನ್ಸನ್ ಎಂಬುವರು 1933ರಲ್ಲಿಯೇ ಇದನ್ನು ಅಳೆದು ತೋರಿಸಿದ್ದಾರೆ. ಸೆಕೆಂಡಿಗೆ 2,000ದಿಂದ 5,000 ಕಂಪನಗಳ ನಡುವೆ, ಅಂದರೆ 2ರಿಂದ 5 ಕಿಲೋಹರ್ಟ್ಸ್‌ನಲ್ಲಿ, ನಮ್ಮ ಕಿವಿ ಅತ್ಯಂತ ಸೂಕ್ಷ್ಮ. ಮಗುವಿನ ಅಳುವಿನ ಚೂಪು ತುದಿಯೂ, ಸೀಮೆಸುಣ್ಣ ಕರಿಹಲಗೆಯ ಮೇಲೆ ಕೀರಲುವುದೂ ಈ ಪಟ್ಟಿಯಲ್ಲಿಯೇ. ಮಂದ್ರ ಸ್ವರಗಳು ಸಾಕಷ್ಟಿದ್ದಾಗ ಈ ಚೂಪು ಅದರಲ್ಲಿ ಕರಗಿಹೋಗುತ್ತದೆ; ಮಂದ್ರ ಇಲ್ಲವಾದಾಗ ಚೂಪು ಮಾತ್ರ ಉಳಿಯುತ್ತದೆ.

ಮೋಟಾರ್‌ಸೈಕಲ್ಲಿನಲ್ಲಿ ಆಗುವುದೇ ಇದು. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಹೆಲ್ಮೆಟ್ಟಿನೊಳಗೆ ಗಾಳಿಯ ಸದ್ದೇ ಸುಮಾರು 100 ಡೆಸಿಬೆಲ್ ಮುಟ್ಟುತ್ತದೆ, ಮತ್ತು ಅದರ ಬಹುಭಾಗ ತಗ್ಗಿನ ಗುಡುಗು. ಅದು ಮೃದಂಗವನ್ನೂ ಗಿಟಾರಿನ ಮಂದ್ರ ತಂತಿಗಳನ್ನೂ ಮೊದಲು ನುಂಗುತ್ತದೆ. ಸವಾರ ‘ಕೇಳಿಸುತ್ತಿಲ್ಲ’ ಎಂದು ಧ್ವನಿ ಏರಿಸುತ್ತಾನೆ, ಮೇಲಿಂದ ಟ್ರೆಬಲ್ ಗುಂಡಿಯನ್ನೂ ತಿರುಗಿಸುತ್ತಾನೆ. ಸಿಗ್ನಲ್ ದೀಪದ ಮುಂದೆ ವಾಹನ ನಿಂತ ಕೂಡಲೇ ಗಾಳಿ ಮಾಯವಾಗಿ, ಆ ಏರಿಸಿದ ತಾರಸ್ವರ ಕಿವಿಗೆ ಸೂಜಿಯಂತೆ ಚುಚ್ಚುತ್ತದೆ. ಅದೂ ಸ್ಪೀಕರ್ ಮುಖದಿಂದ ಒಂದು ಗಜದೊಳಗೆ, ಗಾಳಿತಡೆ ಗಾಜಿಗೆ ಬಡಿದು ಮರಳುವ ಪ್ರತಿಧ್ವನಿಯ ಸಮೇತ. ಕಾರಿನಲ್ಲಿ ಸೊಗಸಾಗಿ ನುಡಿದ ಸ್ಪೀಕರೇ ಇಲ್ಲಿ ಕೀರಲುವುದಕ್ಕೆ ಇದೇ ಕಾರಣ.

ಗೇನ್ ಗುಂಡಿ ಧ್ವನಿ ಗುಂಡಿಯಲ್ಲ

ಹುಡುಗ ಮೊದಲು ಕೈಹಾಕಿದ್ದು ಸ್ಪೀಕರಿಗಲ್ಲ, ಸೀಟಿನ ಕೆಳಗಿದ್ದ ಆಂಪ್ಲಿಫೈಯರಿಗೆ. ಅದರ ಮೇಲೆ ‘ಗೇನ್’ ಎಂಬ ಒಂದು ಚಿಕ್ಕ ತಿರುಪು ಇರುತ್ತದೆ. ಹೆಚ್ಚಿನ ಅಂಗಡಿಗಳಲ್ಲಿ ಅದನ್ನು ಇನ್ನೊಂದು ವಾಲ್ಯೂಮ್ ಗುಂಡಿಯೆಂದೇ ಭಾವಿಸಿ ಮುಕ್ಕಾಲು ಸುತ್ತು ತಿರುಗಿಸಿ ಬಿಡುತ್ತಾರೆ. ವಾಸ್ತವದಲ್ಲಿ ಅದು ಹೆಡ್ ಯೂನಿಟ್ಟಿನಿಂದ ಬರುವ ಸಂಕೇತದ ಮಟ್ಟವನ್ನು ಆಂಪ್ಲಿಫೈಯರಿನ ಸಾಮರ್ಥ್ಯಕ್ಕೆ ಹೊಂದಿಸುವ ಸಾಧನ. ಓವರ್‌ಡ್ರಾಫ್ಟ್ ಖಾತೆಗೆ ಬ್ಯಾಂಕು ನಿಗದಿ ಮಾಡಿದ ಮಿತಿಯನ್ನು ನೆನೆಯಿರಿ. ಮಿತಿ ಮುಟ್ಟಿದ ಮೇಲೆ ಎಷ್ಟು ಚೆಕ್ಕು ಬರೆದರೂ ಹಣ ಹೊರಡುವುದಿಲ್ಲ. ಆಂಪ್ಲಿಫೈಯರ್ ಕೂಡ ತನ್ನ ಮಿತಿ ಮುಟ್ಟಿದಾಗ ಅಲೆಯ ನೆತ್ತಿಯನ್ನು ಕತ್ತರಿಸಿಬಿಡುತ್ತದೆ. ದುಂಡಗಿರಬೇಕಾದ ಅಲೆ ಚಪ್ಪಟೆಯಾಗುತ್ತದೆ. ಇದಕ್ಕೆ ಕ್ಲಿಪಿಂಗ್ ಎನ್ನುತ್ತಾರೆ. ಚಪ್ಪಟೆಯಾದ ಅಲೆಯಲ್ಲಿ ಮೂಲ ಸಂಗೀತದಲ್ಲಿಲ್ಲದ ಮೇಲಿನ ಕಂಪನಗಳು ಹುಟ್ಟಿಕೊಂಡು, ಅವೆಲ್ಲ ಹೋಗಿ ಸೇರುವುದು ಬಡಪಾಯಿ ಟ್ವೀಟರನ್ನು. ಕಿವಿಗೆ ಕರ್ಕಶ, ಟ್ವೀಟರಿಗೆ ಬೆಂಕಿ. ಕಪಾಟಿನಲ್ಲಿದ್ದ ಸುಟ್ಟ ಟ್ವೀಟರುಗಳು ಮೂರೂ ಹೀಗೆಯೇ ಸತ್ತಿದ್ದವು ಎಂದು ಹುಡುಗನ ಅಭಿಪ್ರಾಯ.

ಸರಿಹೊಂದಿಸುವ ವಿಧಾನ ಶುದ್ಧ ಅಂಕಗಣಿತ. ವಾಟ್ ಸಂಖ್ಯೆಯನ್ನು ಓಮ್ ಸಂಖ್ಯೆಯಿಂದ ಗುಣಿಸಿ ವರ್ಗಮೂಲ ತೆಗೆದರೆ ಎಷ್ಟು ವೋಲ್ಟ್ ಹೊರಬರಬೇಕೆಂಬುದು ಸಿಗುತ್ತದೆ. ನಮ್ಮ ಆಂಪ್ಲಿಫೈಯರ್ ಪ್ರತಿ ಚಾನೆಲ್ಲಿಗೆ ನಾಲ್ಕು ಓಮ್‌ನಲ್ಲಿ 75 ವಾಟ್ ಕೊಡುವಂಥದು. 75ನ್ನು 4ರಿಂದ ಗುಣಿಸಿದರೆ 300. ಅದರ ವರ್ಗಮೂಲ ಸುಮಾರು 17.3. ಸ್ಪೀಕರಿನ ತಂತಿ ಬಿಚ್ಚಿ, ಹೆಡ್ ಯೂನಿಟ್ಟಿನ ಟೋನ್ ಗುಂಡಿಗಳನ್ನೆಲ್ಲ ಸೊನ್ನೆಗೆ ತಂದು, ಧ್ವನಿಯನ್ನು ಮುಕ್ಕಾಲಿಗಿಟ್ಟು, 400 ಹರ್ಟ್ಸ್‌ನ ಏಕಸ್ವರದ ಪರೀಕ್ಷಾ ಧ್ವನಿಯನ್ನು ನುಡಿಸಿ, ಮೀಟರನ್ನು ಎ.ಸಿ. ವೋಲ್ಟಿಗೆ ಹಾಕಿ ಅಳೆಯಬೇಕು. 400 ಹರ್ಟ್ಸ್ ಏಕೆಂದರೆ ಅಗ್ಗದ ಮಲ್ಟಿಮೀಟರುಗಳು ಅದಕ್ಕಿಂತ ಬಹಳ ಮೇಲೆ ಸರಿಯಾಗಿ ಅಳೆಯುವುದಿಲ್ಲ. ನಮ್ಮ ಮೀಟರ್ 22 ವೋಲ್ಟ್ ತೋರಿಸಿತು. ಎಂದರೆ ಆಂಪ್ಲಿಫೈಯರನ್ನು ಅದರ ಶಕ್ತಿ ಮೀರಿ ದುಡಿಸಲಾಗುತ್ತಿತ್ತು. ತಿರುಪನ್ನು ಹಿಂದಕ್ಕೆ ತಿರುಗಿಸಿ 17ಕ್ಕೆ ತಂದಾಗ, ಬೇರೇನನ್ನೂ ಮುಟ್ಟದೆ ಕರ್ಕಶದ ಅರ್ಧ ಭಾಗ ಹೊರಟುಹೋಯಿತು. ಗ್ರಾಹಕರ ಮುಖ ನೋಡಿಯೇ ನನಗೆ ಅದು ತಿಳಿಯಿತು. ನನ್ನ ಕಿವಿ ಅಷ್ಟು ಸೂಕ್ಷ್ಮವಲ್ಲ.

ಇಲ್ಲಿ ಇನ್ನೊಂದು ತೊಡಕೂ ಇದೆ. ಕಾರ್ಖಾನೆಯ ಹೆಡ್ ಯೂನಿಟ್ಟುಗಳಲ್ಲಿ ಮೂಲ ಸ್ಪೀಕರುಗಳ ಕುಂದನ್ನು ಮುಚ್ಚಲು ಒಳಗೊಳಗೇ ಸ್ವರಗಳನ್ನು ಏರಿಳಿಸುವ ವ್ಯವಸ್ಥೆ ಇರುತ್ತದೆ. ಹೊಸ ಸ್ಪೀಕರ್ ಹಾಕಿದ ಮೇಲೂ ಆ ಹಳೆಯ ತಿದ್ದುಪಡಿ ಹಾಗೆಯೇ ಉಳಿದರೆ ಒಳ್ಳೆಯ ಸ್ಪೀಕರಿಗೆ ಕೆಟ್ಟ ಪಾಠ ಹೇಳಿಕೊಟ್ಟಂತೆ. ಹಾರ್ಲೆಯಂಥ ವಾಹನಗಳಲ್ಲಿ ಅಧಿಕೃತ ಡೀಲರರ ಕಂಪ್ಯೂಟರಿನ ಮೂಲಕ ಇದನ್ನು ಬದಲಿಸಬೇಕಾಗುತ್ತದೆ. ಇದನ್ನು ಮಾರುವ ಮೊದಲೇ ಗ್ರಾಹಕರಿಗೆ ಹೇಳದಿದ್ದರೆ ದೋಷ ನಮ್ಮದೇ.

ಮಂದ್ರವನ್ನು ತಡೆಯುವುದು, ತಾರವನ್ನು ತಗ್ಗಿಸುವುದು

ಆರೂವರೆ ಇಂಚಿನ ಸ್ಪೀಕರ್ ಮೋಟಾರ್‌ಸೈಕಲ್ಲಿನ ತೆಳು ಪ್ಲಾಸ್ಟಿಕ್ ಕವಚದಲ್ಲಿ ಆಳವಾದ ಮಂದ್ರವನ್ನು ಕೊಡಲಾರದು. ಕೊಡಲು ಹೋದರೆ ಶಂಕು ವ್ಯರ್ಥವಾಗಿ ಹೊಯ್ದಾಡಿ, ಆ ಹೊಯ್ದಾಟದ ಮೇಲೆ ಸವಾರಿ ಮಾಡುವ ಗಾಯಕನ ಕಂಠ ಒಡೆದಂತೆ ಕೇಳಿಸುತ್ತದೆ. ಆದ್ದರಿಂದ ಆಂಪ್ಲಿಫೈಯರಿನ ಹೈಪಾಸ್ ಎಂಬ ಸೋಸುವ ವ್ಯವಸ್ಥೆಯನ್ನು 100 ಹರ್ಟ್ಸ್‌ನ ಆಸುಪಾಸಿಗೆ ಇಟ್ಟು, ಅದಕ್ಕಿಂತ ಕೆಳಗಿನದನ್ನು ತಡೆಯುತ್ತಾರೆ. ಮಂದ್ರ ಕಡಿಮೆಯಾದರೆ ಕರ್ಕಶ ಹೆಚ್ಚೆಂದು ಮೇಲೆ ಹೇಳಿ, ಇಲ್ಲಿ ಮಂದ್ರವನ್ನೇ ತಡೆಯಿರಿ ಎನ್ನುತ್ತಿದ್ದಾನಲ್ಲ ಎಂದು ಓದುಗರು ಕೇಳಬಹುದು, ನಾನೂ ಕೇಳಿದೆ. ತಡೆಯುವುದು ಆ ಸ್ಪೀಕರ್ ಹೇಗೂ ಕೊಡಲಾರದ ಭಾಗವನ್ನು ಮಾತ್ರ. ಅದನ್ನು ತಡೆದಾಗ 120ರಿಂದ 300 ಹರ್ಟ್ಸ್‌ವರೆಗಿನ ಭಾಗ, ಅಂದರೆ ಗಂಡಸಿನ ಕಂಠದ ತುಂಬುತನ, ಸ್ವಚ್ಛವಾಗಿ ಹೊರಬರುತ್ತದೆ.

ಅದಕ್ಕೂ ಮುಂಚೆ ಸೆಲ್ ಪರೀಕ್ಷೆಯಿಂದ ಎಡ ಬಲ ಎರಡರ ತಂತಿಗಳೂ ಸರಿಯಾದ ತುದಿಗೆ ಸೇರಿವೆಯೇ ಎಂದು ನೋಡಿದ್ದಾಯಿತು. ಒಂದು ತಲೆಕೆಳಗಾಗಿದ್ದರೂ ಒಂದು ಶಂಕು ಮುಂದೆ ತಳ್ಳುವಾಗ ಇನ್ನೊಂದು ಹಿಂದಕ್ಕೆಳೆದು, ಮಂದ್ರವೆಲ್ಲ ಪರಸ್ಪರ ವಜಾ ಆಗುತ್ತದೆ. ಜಮಾ ಮತ್ತು ಖರ್ಚು ಒಂದನ್ನೊಂದು ಹೊಡೆದುಹಾಕಿದಂತೆ. ಉಳಿಯುವುದು ತೆಳ್ಳನೆಯ ಕೀರಲು ಮಾತ್ರ.

ಟ್ವೀಟರಿನ ವಿಷಯಕ್ಕೆ ಬಂದರೆ, ಪ್ರತ್ಯೇಕ ಟ್ವೀಟರ್ ಇರುವ ಸೆಟ್ಟುಗಳಲ್ಲಿ ಅದರ ಕ್ರಾಸೋವರ್ ಡಬ್ಬಿಯ ಮೇಲೆ ಸೊನ್ನೆ, ಮೈನಸ್ 3 ಎಂಬ ಸ್ಥಾನಗಳಿರುತ್ತವೆ. ಡಬ್ಬಿ ಬಿಚ್ಚಿ ನೋಡುವ ತಾಳ್ಮೆ ಇಲ್ಲದೆ ಎಲ್ಲರೂ ಸೊನ್ನೆಯಲ್ಲೇ ಬಿಡುತ್ತಾರೆ. ಇಂಥ ಸ್ಥಾನವಿಲ್ಲದ ಅಗ್ಗದ ಸೆಟ್ಟಿನಲ್ಲಿ ನಾಲ್ಕು ಓಮ್‌ನ ಟ್ವೀಟರನ್ನು 3 ಡೆಸಿಬೆಲ್ ತಗ್ಗಿಸಲು, ಕ್ರಾಸೋವರಿಗೂ ಟ್ವೀಟರಿಗೂ ನಡುವೆ 1.2 ಓಮ್‌ನ ರೆಸಿಸ್ಟರನ್ನು ಸಾಲಿನಲ್ಲಿಯೂ, 10 ಓಮ್‌ನದನ್ನು ಟ್ವೀಟರಿಗೆ ಅಡ್ಡಲಾಗಿಯೂ ಜೋಡಿಸಿದರೆ ಸಾಕು. ಎಸ್.ಪಿ. ರಸ್ತೆಯಲ್ಲಿ ಇವೆರಡೂ ಸೇರಿ ಒಂದು ಕಾಫಿಯ ಬೆಲೆ. ಸ್ಪೀಕರ್ ಸೆಟ್ ತಯಾರಿಸುವ ನಮ್ಮ ಸಣ್ಣ ಉದ್ದಿಮೆದಾರರು ಈ ಎರಡು ಬಿಡಿಭಾಗಗಳನ್ನೂ ಒಂದು ಪುಟ್ಟ ಸ್ವಿಚ್ಚನ್ನೂ ಡಬ್ಬಿಯೊಳಗೇ ಇಟ್ಟುಕೊಡುವುದನ್ನು ಯೋಚಿಸಬಹುದು.

ಇಷ್ಟಾದ ಮೇಲೆಯೇ ಈಕ್ವಲೈಜರ್. ಇಲ್ಲಿ ಹುಡುಗನ ನಿಯಮ ಒಂದೇ: ಏರಿಸುವುದಿಲ್ಲ, ಇಳಿಸುವುದು ಮಾತ್ರ. ಒಂದು ಪಟ್ಟಿಯನ್ನು ಬೇಕೆಂದೇ ಪೂರ್ತಿ ಏರಿಸಿ, ಕಿವಿಗೆ ಅತಿ ಹೆಚ್ಚು ಚುಚ್ಚುವ ಜಾಗ ಯಾವುದೆಂದು ಹುಡುಕಿ, ಆ ಜಾಗವನ್ನು 3ರಿಂದ 4 ಡೆಸಿಬೆಲ್ ಕೆಳಗಿಳಿಸುತ್ತಾನೆ. ನಮ್ಮ ವಾಹನದಲ್ಲಿ ಆ ಜಾಗ 3.15 ಕಿಲೋಹರ್ಟ್ಸ್‌ನಲ್ಲಿ ಸಿಕ್ಕಿತು. ಪರೀಕ್ಷೆಗೆ ಅವನು ಬಳಸಿದ್ದು ಸಿನಿಮಾ ಹಾಡನ್ನಲ್ಲ, ಹೆಂಗಸೊಬ್ಬರು ಓದಿದ ಕನ್ನಡ ವಾರ್ತೆಯ ಧ್ವನಿಮುದ್ರಣವನ್ನು. ಸ, ಶ, ಷ ಅಕ್ಷರಗಳು ‘ಸ್ಸ್’ ಎಂದು ಸೀಳಿಕೊಂಡು ಬಂದರೆ 6ರಿಂದ 8 ಕಿಲೋಹರ್ಟ್ಸ್‌ನಲ್ಲಿ ಇನ್ನೂ ಸ್ವಲ್ಪ ಇಳಿಸಬೇಕು. ‘ವಿಧಾನಸಭಾಧ್ಯಕ್ಷರು’ ಎಂಬ ಪದ ಸ್ಪಷ್ಟವಾಗಿ, ಸೀಳದೆ ಕೇಳಿಸಿದರೆ ಕೆಲಸ ಮುಗಿದಂತೆ. ಯಾವ ಪುಸ್ತಕದಲ್ಲಿಯೂ ಇರಲಾರದ ಮಾನದಂಡ. ಆದರೂ ಕೆಲಸ ಮಾಡುತ್ತದೆ.

ಉಳಿದದ್ದು ಬಡಗಿಯ ಕೆಲಸ. ಸ್ಪೀಕರ್ ಮತ್ತು ಕವಚದ ನಡುವೆ ಫೋಮ್ ಉಂಗುರ, ಪ್ಲಾಸ್ಟಿಕ್ಕಿನ ಹಿಂಬದಿಗೆ ಬ್ಯೂಟೈಲ್ ಹಾಳೆ, ಅಲುಗುವ ಗ್ರಿಲ್ಲಿಗೆ ಎರಡು ಚೂರು ಅಂಟುಪಟ್ಟಿ. ಕರ್ಕಶವೆಂದು ದೂರಿದ ಕೆಲವು ಪ್ರಕರಣಗಳಲ್ಲಿ ದೋಷವೆಲ್ಲ ಗ್ರಿಲ್ಲಿನ ಅದುರಾಟದ್ದೇ ಆಗಿರುತ್ತದೆಯಂತೆ.

ತಂತಿಯ ತೂಕ, ವಾಟಿನ ಸುಳ್ಳು

ವರ್ತಕರು ವಿಶೇಷವಾಗಿ ಗಮನಿಸಬೇಕಾದ ಎರಡು ಅಂಶಗಳಿವೆ.

ಮೊದಲನೆಯದು ತಂತಿ. ನಾಲ್ಕು ಚಾನೆಲ್ಲಿನ 75 ವಾಟ್‌ಗಳೆಂದರೆ 300 ವಾಟ್. ಆಂಪ್ಲಿಫೈಯರಿನ ದಕ್ಷತೆ ಶೇಕಡಾ 80 ಎಂದಿಟ್ಟುಕೊಂಡರೆ ಬ್ಯಾಟರಿಯಿಂದ ಸೆಳೆಯಬೇಕಾದ್ದು 375 ವಾಟ್. 13 ವೋಲ್ಟಿನಲ್ಲಿ ಸುಮಾರು 29 ಆಂಪಿಯರ್. ಸಂಗೀತದಲ್ಲಿ ಈ ಮಟ್ಟ ಕ್ಷಣಕಾಲ ಮಾತ್ರ ಬರುತ್ತದಾದರೂ ಆ ಕ್ಷಣದಲ್ಲಿ ತಂತಿ ತಾಳಬೇಕು. ಮಾರುಕಟ್ಟೆಯಲ್ಲಿ ತಾಮ್ರದ ಬಣ್ಣ ಹೊತ್ತು ಬರುವ ಅನೇಕ ವೈರಿಂಗ್ ಕಿಟ್ಟುಗಳು ಅಲ್ಯುಮಿನಿಯಮ್ ತಂತಿಗೆ ತಾಮ್ರದ ಲೇಪ ಕೊಟ್ಟವು. ಅದೇ ದಪ್ಪದ ಶುದ್ಧ ತಾಮ್ರಕ್ಕಿಂತ ಅವುಗಳ ರೋಧ ಒಂದೂವರೆ ಪಟ್ಟಿಗೂ ಮಿಗಿಲು. ತಂತಿಯಲ್ಲಿಯೇ ವೋಲ್ಟ್ ಸೋರಿದರೆ ಆಂಪ್ಲಿಫೈಯರಿನ ಮಿತಿ ಕೆಳಗಿಳಿದು, ಗೇನ್ ಸರಿಯಿದ್ದರೂ ಅಲೆಯ ನೆತ್ತಿ ಕತ್ತರಿಸುತ್ತದೆ. ತಂತಿಯಲ್ಲಿ 400 ರೂಪಾಯಿ ಉಳಿಸಿ 14,000ದ ಸ್ಪೀಕರಿಗೆ ಕೆಟ್ಟ ಹೆಸರು ತರುವುದು ಯಾವ ವ್ಯಾಪಾರ? ಪರೀಕ್ಷೆ ಸುಲಭ: ತುದಿಯನ್ನು ಬ್ಲೇಡಿನಿಂದ ಕೆರೆದರೆ ಬೆಳ್ಳಗೆ ಕಾಣುತ್ತದೆ, ಕೈಯಲ್ಲಿ ಹಿಡಿದರೆ ಹಗುರ.

ಎರಡನೆಯದು ಡಬ್ಬಿಯ ಮೇಲಿನ ವಾಟ್ ಸಂಖ್ಯೆ. 1000 ವಾಟ್, 2000 ವಾಟ್ ಎಂದು ದಪ್ಪಕ್ಷರದಲ್ಲಿ ಮುದ್ರಿಸಿದ್ದು ಪಿ.ಎಂ.ಪಿ.ಒ. ಅಥವಾ ಗರಿಷ್ಠ ಶಕ್ತಿ. ಅದಕ್ಕೆ ಲೆಕ್ಕದಲ್ಲಿ ಕಾಸಿನ ಬೆಲೆಯಿಲ್ಲ. ನಂಬಬಹುದಾದದ್ದು ಆರ್.ಎಂ.ಎಸ್. ಸಂಖ್ಯೆ. ಅಮೆರಿಕೆಯ ಎಲೆಕ್ಟ್ರಾನಿಕ್ಸ್ ಉದ್ಯಮ ಸಂಘವು 2003ರಲ್ಲಿ ಸಿ.ಇ.ಎ.-2006 ಎಂಬ ಮಾನಕವನ್ನು ಹೊರಡಿಸಿತು. 14.4 ವೋಲ್ಟಿನಲ್ಲಿ, ನಾಲ್ಕು ಓಮ್‌ಗೆ, ಶೇಕಡಾ ಒಂದಕ್ಕಿಂತ ಹೆಚ್ಚು ವಿಕೃತಿಯಿಲ್ಲದೆ ಎಷ್ಟು ವಾಟ್ ಬರುತ್ತದೆಂಬುದನ್ನೇ ಬರೆಯಬೇಕೆಂಬುದು ಅದರ ಸಾರ. ಖರೀದಿಯ ಸಮಯದಲ್ಲಿ ಈ ಮಾನಕದ ಉಲ್ಲೇಖವನ್ನು ಕೇಳುವುದು ಉತ್ತಮ. ಇನ್ನು ವಾಟ್ ಇಮ್ಮಡಿಯಾದರೆ ಧ್ವನಿ ಇಮ್ಮಡಿಯಾಗುತ್ತದೆಂಬುದು ತಪ್ಪು ತಿಳಿವಳಿಕೆ. 75 ವಾಟನ್ನು 150 ಮಾಡಿದರೆ ಹೆಚ್ಚುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಇಮ್ಮಡಿ ಎನಿಸಬೇಕಾದರೆ ಸುಮಾರು ಹತ್ತು ಪಟ್ಟು ಬೇಕು. ‘ಕರ್ಕಶವಾಗಿದೆ’ ಎಂದು ಬಂದ ಗ್ರಾಹಕರಿಗೆ ಇನ್ನೂ ದೊಡ್ಡ ಆಂಪ್ಲಿಫೈಯರ್ ಮಾರಿದ ಮೂರು ಬಿಲ್ಲುಗಳು ಈ ಅಂಗಡಿಯಲ್ಲಿಯೇ ನನಗೆ ಸಿಕ್ಕವು. ಮೂವರೂ ಮತ್ತೆ ಬಂದು ಜಗಳವಾಡಿದ್ದರು.

ಸಂಜೆ ನಾಲ್ಕಕ್ಕೆ ಗ್ರಾಹಕರು ವಾಹನವನ್ನು ನೆಲಮಂಗಲದಾಚೆಯವರೆಗೆ ಓಡಿಸಿಕೊಂಡು ಬಂದರು. ಗ್ಯಾರೇಜಿನಲ್ಲಿ ಸೊಗಸಾಗಿದ್ದದ್ದು ರಸ್ತೆಯಲ್ಲಿ ಸ್ವಲ್ಪ ತೆಳ್ಳಗೆನಿಸಿತೆಂದರು. ನಿರೀಕ್ಷಿತವೇ. ರಸ್ತೆಗಾಗಿ ಕಂಠದ ಕೆಳಭಾಗ ತುಸು ಹೆಚ್ಚಿರುವ ಎರಡನೆಯ ಹೊಂದಾಣಿಕೆಯನ್ನು ಹುಡುಗ ಬರೆದಿಟ್ಟುಕೊಟ್ಟ. ಜೊತೆಗೆ ಕಿವಿಗೆ ಇಯರ್‌ಪ್ಲಗ್ ಹಾಕಿಕೊಳ್ಳುವಂತೆಯೂ ಹೇಳಿದ. ಅದು ಸಂಗೀತಕ್ಕೆ ವಿರೋಧವಲ್ಲ. ಗಾಳಿಯ ಗುಡುಗು ತಗ್ಗಿದಾಗ ಅದೇ ಸಂಗೀತ ಕಡಿಮೆ ಧ್ವನಿಯಲ್ಲಿ ಹಿತವಾಗಿ ಕೇಳುತ್ತದೆ. ಅಮೆರಿಕೆಯ ನಯೋಶ್ ಸಂಸ್ಥೆಯ ಶಿಫಾರಸಿನಂತೆ 85 ಡೆಸಿಬೆಲ್ಲನ್ನು ದಿನಕ್ಕೆ ಎಂಟು ತಾಸು ತಾಳಬಹುದಾದರೆ, 100 ಡೆಸಿಬೆಲ್ಲನ್ನು ತಾಳಬಹುದಾದ್ದು ಕಾಲು ಗಂಟೆ ಮಾತ್ರ.

ಒಂದೂವರೆ ತಾಸಿನ ಬಾಬತ್ತು

ಎಲ್ಲ ಸೇರಿ ಅಂದು ತಗುಲಿದ್ದು ಸುಮಾರು ಎರಡೂವರೆ ತಾಸು. ಕೈ ಕುದುರಿದ ಮೇಲೆ ಒಂದೂವರೆ ತಾಸು ಸಾಕು. ಅಂಗಡಿಯಲ್ಲಿ ಸ್ಪೀಕರ್ ಅಳವಡಿಕೆಗೆ ಮಾಲೀಕರು ಕೊಡುತ್ತಿದ್ದುದು ನಲವತ್ತು ನಿಮಿಷ. ‘ಫಿಟ್ಟಿಂಗ್ ಉಚಿತ’ ಎಂಬ ಫಲಕ ಹೊರಗೆ ತೂಗುತ್ತಿತ್ತು. ಉಚಿತವಾದ ಕೆಲಸಕ್ಕೆ ಯಾರು ತಾನೇ ಒಂದೂವರೆ ತಾಸು ಕೊಟ್ಟಾರು? ಆ ಉಳಿಸಿದ ಐವತ್ತು ನಿಮಿಷವೇ ವರ್ಷದ ಕೊನೆಯಲ್ಲಿ ಸರಕು ವಾಪಸಾತಿ ಖಾತೆಯಲ್ಲಿ ಬಂದು ಕುಳಿತಿತ್ತು. ಸಾಲದೆಂಬಂತೆ ಹುಡುಗನ ಸಂಬಳದಲ್ಲಿಯೂ.

ನಾನು ಮಾಡಿದ ಸಲಹೆಯಂತೆ ಈಗ ಬಿಲ್ಲಿನಲ್ಲಿ ‘ಅಳವಡಿಕೆ ಮತ್ತು ಶ್ರುತಿ’ ಎಂಬ 1,500 ರೂಪಾಯಿಯ ಪ್ರತ್ಯೇಕ ಸಾಲು ಬಂದಿದೆ. ಸ್ಪೀಕರ್ ಮಾರಾಟದೊಡನೆ ಸಹಜವಾಗಿ ಸೇರಿ ಬರುವ ಅಳವಡಿಕೆಯು ತೆರಿಗೆಯ ದೃಷ್ಟಿಯಿಂದ ಸಂಯುಕ್ತ ಪೂರೈಕೆ ಎನಿಸಿಕೊಂಡು, ಮುಖ್ಯ ಪೂರೈಕೆಯಾದ ಸ್ಪೀಕರಿನ ದರವೇ ಅದಕ್ಕೂ ಅನ್ವಯಿಸುತ್ತದೆ. ಬೇರೆಡೆ ಕೊಂಡ ಸ್ಪೀಕರನ್ನು ತಂದು ಶ್ರುತಿ ಮಾತ್ರ ಮಾಡಿಸಿಕೊಂಡರೆ ಅದು ಪ್ರತ್ಯೇಕ ಸೇವೆ. ಪ್ರತಿ ವಾಹನಕ್ಕೂ ಗೇನ್ ವೋಲ್ಟ್, ಹೈಪಾಸ್, ತಗ್ಗಿಸಿದ ಪಟ್ಟಿಗಳನ್ನು ಬರೆದ ಒಂದು ಕಾರ್ಡು ಮಾಡಿ ನಕಲನ್ನು ಅಂಗಡಿಯಲ್ಲಿಟ್ಟುಕೊಳ್ಳಲಾಗುತ್ತಿದೆ. ಗ್ರಾಹಕರು ದೂರು ತಂದಾಗ ಮೊದಲು ತೆರೆಯುವುದು ಆ ಕಾರ್ಡನ್ನೇ. ನಿಜವಾಗಿಯೂ ಹಿಂಪಡೆದ ಸರಕಿಗೆ ಕ್ರೆಡಿಟ್ ನೋಟನ್ನು ಆ ಹಣಕಾಸು ವರ್ಷ ಮುಗಿದ ನಂತರದ ನವೆಂಬರ್ 30 ಅಥವಾ ವಾರ್ಷಿಕ ವಿವರಣೆ ಸಲ್ಲಿಸಿದ ದಿನ, ಇವೆರಡರಲ್ಲಿ ಮೊದಲಿನದರೊಳಗೆ ಘೋಷಿಸಬೇಕೆಂಬುದನ್ನೂ ಗುಮಾಸ್ತರಿಗೆ ನೆನಪಿಸಿದ್ದೇನೆ. ಹಿಂದಿನ ವರ್ಷ ಅದು ತಪ್ಪಿಹೋಗಿ ತೆರಿಗೆ ಕೈಬಿಟ್ಟಿತ್ತು.

ಪರೀಕ್ಷೆಯಲ್ಲಿ ಗೆದ್ದ 15 ಜೊತೆಗಳನ್ನು ‘ಪರೀಕ್ಷಿಸಿದ್ದು’ ಎಂದು ತಿಳಿಸಿಯೇ, ಸ್ವಲ್ಪ ರಿಯಾಯಿತಿಯಲ್ಲಿ ಮಾರಾಟಕ್ಕಿಡಲಾಯಿತು. ಈ ಲೇಖನ ಬರೆಯುವ ಹೊತ್ತಿಗೆ 11 ಜೊತೆ ಹೋಗಿವೆ. ಒಂದು ಮಾತ್ರ ಹಿಂದಿರುಗಿದೆ, ಅದೂ ಬಣ್ಣ ಒಪ್ಪದ ಕಾರಣಕ್ಕೆ. ಬಿಲ್ಲಿನ 1,500ರ ಸಾಲಿಗೆ ಗ್ರಾಹಕರು ಗೊಣಗುತ್ತಾರೆಂದು ಮಾಲೀಕರು ಇಂದಿಗೂ ನನ್ನೊಡನೆ ವಾದಿಸುತ್ತಾರೆ. ಪಕ್ಕದ ಅಂಗಡಿಯಲ್ಲಿ ‘ಫಿಟ್ಟಿಂಗ್ ಉಚಿತ’ ಫಲಕ ಇನ್ನೂ ಇದೆ, ಕೆಲವರು ಅಲ್ಲಿಗೆ ಹೋಗಿದ್ದಾರೆ ಎಂಬುದೂ ನಿಜ. ಮುರಿದುಕೊಂಡಿದ್ದ ಸಂಬಳದ ಮೊತ್ತವನ್ನು, ಹರಿದ ರಬ್ಬರ್ ಅಂಚಿನ ಬಾಬತ್ತೊಂದನ್ನು ಬಿಟ್ಟು, ಹುಡುಗನಿಗೆ ಎರಡು ಕಂತುಗಳಲ್ಲಿ ಹಿಂತಿರುಗಿಸಲಾಗಿದೆ. ಆ ಒಂದನ್ನೂ ಬಿಟ್ಟುಬಿಡಿ ಎಂದು ನಾನು ಹೇಳಿದ್ದೆ. ಮಾಲೀಕರು ಒಪ್ಪಲಿಲ್ಲ, ಹುಡುಗನೂ “ಇರಲಿ ಸಾರ್, ಅದು ನಂದೇ” ಎಂದ. ಸುಟ್ಟ ಮೂರು ಟ್ವೀಟರುಗಳನ್ನು ಅವನು ಗಲ್ಲಾ ಪೆಟ್ಟಿಗೆಯ ಪಕ್ಕದ ಗಾಜಿನ ಡಬ್ಬಿಯಲ್ಲಿ ಇಟ್ಟಿದ್ದಾನೆ. ಗೇನ್ ಇನ್ನಷ್ಟು ಏರಿಸಿಕೊಡು ಎಂದು ಕೇಳುವವರಿಗೆ ಮೊದಲು ಅದನ್ನು ತೋರಿಸುತ್ತಾನೆ.